ಪೈಥಾನ್‌ನಲ್ಲಿ ಸಿಂಗಲ್‌ಟನ್: ಒಂದೇ ಆಬ್ಜೆಕ್ಟ್ ಅಂದರೆ ಎಲ್ಲಿ ಒಂದೇ?

ಪೈಥಾನ್ ಕಲಿಯಲು ಶುರು ಮಾಡಿ ಕೆಲವು ತಿಂಗಳಾದರೆ ಸಾಕು, ಸಿಂಗಲ್‌ಟನ್, ಅಂದರೆ ಒಂದು ಕ್ಲಾಸಿಗೆ ಒಂದೇ ಆಬ್ಜೆಕ್ಟ್ ಇರುವಂತೆ ನೋಡಿಕೊಳ್ಳುವ ರೀತಿ, ಅನ್ನುವ ಪದ ಎಲ್ಲಾದರೂ ಎದುರಾಗುತ್ತದೆ. ಇಂಟರ್‌ವ್ಯೂಗಳಲ್ಲಿ ಕೇಳುತ್ತಾರೆ. ಆಫೀಸಿನ ಹಳೇ ಕೋಡ್ ತೆರೆದರೆ ಅಲ್ಲೊಂದು ಇರುತ್ತದೆ. ಸೆಟ್ಟಿಂಗ್ಸ್ ಇಟ್ಟುಕೊಳ್ಳಲು ಒಂದು ಕ್ಲಾಸ್ ಬರೆದುಕೊಡು ಅಂತ ಎಐ ಟೂಲ್‌ಗೆ ಹೇಳಿದರೂ ಎಷ್ಟೋ ಸಲ ಮೆಟಾಕ್ಲಾಸ್, ಲಾಕ್ ಎಲ್ಲ (ಇವು ಏನು ಅಂತ ಮುಂದೆ ನೋಡೋಣ) ಸೇರಿಸಿದ ಸಿಂಗಲ್‌ಟನ್ನೇ ಬರುತ್ತದೆ. ಅದು ಓಡುತ್ತದೆ ನಿಜ. ಒಳಗೆ ಏನಾಗುತ್ತಿದೆ ಅಂತ ತಿಳಿಯದೆ ಇಟ್ಟುಕೊಂಡರೆ ಮಾತ್ರ ಮುಂದೆ ಕಾಡುತ್ತದೆ.

ಈಗ ಇನ್ನೊಂದು ಕಾರಣವೂ ಸೇರಿಕೊಂಡಿದೆ. 2025ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.14ರಲ್ಲಿ, ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನೊಳಗಿನ ಕೆಲಸದ ಸಾಲುಗಳು) ನಿಜವಾಗಿಯೂ ಒಟ್ಟಿಗೇ ಓಡಬಲ್ಲ ಬಗೆಯ ಪೈಥಾನ್‌ಗೆ ಅಧಿಕೃತ ಬೆಂಬಲ ಸಿಕ್ಕಿತು. ಇಷ್ಟು ದಿನ ಹೇಗೋ ನಡೆದುಕೊಂಡು ಬಂದ ಸಿಂಗಲ್‌ಟನ್ ಕೋಡ್ ಅಲ್ಲಿ ಎಡವುವ ಸಾಧ್ಯತೆ ಜಾಸ್ತಿ. ಹಾಗಾಗಿ ಬುಡದಿಂದಲೇ ನೋಡೋಣ.

## ಒಂದು ಕ್ಲಾಸ್, ಎರಡು ಆಬ್ಜೆಕ್ಟ್

ಕ್ಲಾಸ್ ಅಂದರೆ ಒಂದು ವಸ್ತು ಹೇಗಿರಬೇಕು, ಏನು ಮಾಡಬೇಕು ಅನ್ನುವುದರ ವಿವರಣೆ. ಆ ವಿವರಣೆಯಂತೆ ಮೆಮೊರಿಯಲ್ಲಿ ನಿಜವಾಗಿ ಹುಟ್ಟುವ ವಸ್ತುವೇ ಆಬ್ಜೆಕ್ಟ್. ಕ್ಲಾಸಿನ ಹೆಸರಿನ ಮುಂದೆ ಆವರಣ ಹಾಕಿ ಕರೆದಾಗಲೆಲ್ಲ ಹೊಸ ಆಬ್ಜೆಕ್ಟ್ ಸಿಗುತ್ತದೆ. ಸೆಟ್ಟಿಂಗ್ಸ್ ಅನ್ನುವ ಕ್ಲಾಸ್ ಬರೆದಿದ್ದೀರಿ ಅಂದುಕೊಳ್ಳಿ:

    ಒಂದು = ಸೆಟ್ಟಿಂಗ್ಸ್()
    ಎರಡು = ಸೆಟ್ಟಿಂಗ್ಸ್()

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಕೊಡಬಹುದು, ಹಾಗಾಗಿ ಈ ಎರಡು ಸಾಲು ಇದ್ದಂತೆಯೇ ಓಡುತ್ತವೆ. ಇಲ್ಲಿ ಹುಟ್ಟಿದ್ದು ಎರಡು ಬೇರೆ ಬೇರೆ ಆಬ್ಜೆಕ್ಟ್. ಒಂದರಲ್ಲಿ ಭಾಷೆಯನ್ನು ಬದಲಿಸಿದರೆ ಇನ್ನೊಂದಕ್ಕೆ ಅದರ ಸುಳಿವೇ ಇರುವುದಿಲ್ಲ.

ಎರಡು ಹೆಸರುಗಳು ಒಂದೇ ಆಬ್ಜೆಕ್ಟನ್ನು ತೋರಿಸುತ್ತಿವೆಯೇ ಅಂತ ಕೇಳಲು ಪೈಥಾನ್‌ನಲ್ಲಿ ಈಸ್ ಅನ್ನುವ ಆಪರೇಟರ್ ಇದೆ. ಜೋಡಿ ಸಮಚಿಹ್ನೆ (==) ಬೇರೆ, ಅದು ಬೆಲೆ (ವ್ಯಾಲ್ಯೂ) ಒಂದೇ ಆಗಿದೆಯೇ ಅಂತ ನೋಡುತ್ತದೆ. ಈಸ್ ನೋಡುವುದು ಗುರುತನ್ನು. ಮೇಲಿನ ಎರಡು ಹೆಸರುಗಳ ನಡುವೆ ಈಸ್ ಹಾಕಿದರೆ ಫಾಲ್ಸ್ ಬರುತ್ತದೆ. ಸಿಂಗಲ್‌ಟನ್ ಅಂದರೆ ಅಲ್ಲಿ ಟ್ರೂ ಬರುವಂತೆ ಮಾಡುವುದು. ಎಷ್ಟು ಸಲ ಕರೆದರೂ, ಎಲ್ಲಿಂದ ಕರೆದರೂ ಅದೇ ಒಂದು ಆಬ್ಜೆಕ್ಟ್ ಸಿಗಬೇಕು.

## ಒಂದೇ ಯಾಕೆ ಬೇಕು?

ಜನ ಸಾಲಿನಲ್ಲಿ ನಿಲ್ಲುವ ಕಡೆ ಟೋಕನ್ ಕೊಡುವ ಮೆಷಿನ್ ಇರುತ್ತದೆ ಅಲ್ವಾ? ಬಂದವರಿಗೆ 1, 2, 3 ಅಂತ ನಂಬರ್ ಕೊಡುತ್ತಾ ಹೋಗುತ್ತದೆ. ಅದೇ ಸಾಲಿಗೆ ಇನ್ನೊಂದು ಮೆಷಿನ್ ತಂದಿಟ್ಟರೆ ಅದೂ 1ರಿಂದ ಶುರು ಮಾಡುತ್ತದೆ. ಇಬ್ಬರ ಕೈಯಲ್ಲಿ ಒಂದೇ ನಂಬರ್ ಇರುತ್ತದೆ, ಜಗಳ ಶುರು. ಎರಡು ಮೆಷಿನ್‌ನಲ್ಲಿ ಯಾವುದೂ ಕೆಟ್ಟಿಲ್ಲ. ಎರಡು ಇರುವುದೇ ತೊಂದರೆ.

ಪ್ರೋಗ್ರಾಮ್‌ಗಳಲ್ಲೂ ಇಂಥ ವಸ್ತುಗಳಿವೆ. ಇಡೀ ಆ್ಯಪ್‌ಗೆ ಸೇರಿದ ಸೆಟ್ಟಿಂಗ್ಸ್, ಲಾಗ್ ಬರೆಯುವ ಭಾಗ, ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚುವ ಪೂಲ್, ಒಮ್ಮೆ ಲೋಡ್ ಮಾಡಲು ತುಂಬಾ ಹೊತ್ತು ಹಿಡಿಯುವ ದೊಡ್ಡ ಎಐ ಮಾಡೆಲ್. ಇವುಗಳಲ್ಲಿ ಕೆಲವು ಎರಡಾದರೆ ಲೆಕ್ಕ ತಪ್ಪುತ್ತದೆ, ಕೆಲವು ಎರಡಾದರೆ ಸುಮ್ನೆ ಮೆಮೊರಿ ದಂಡ.

1994ರಲ್ಲಿ ಎರಿಕ್ ಗಾಮಾ ಮತ್ತು ಇತರ ಮೂವರು ಸೇರಿ ಪ್ರಕಟಿಸಿದ ಡಿಸೈನ್ ಪ್ಯಾಟರ್ನ್‌ಗಳ ಪುಸ್ತಕದಲ್ಲಿ 23 ಪ್ಯಾಟರ್ನ್‌ಗಳಿದ್ದವು. ಪ್ಯಾಟರ್ನ್ ಅಂದರೆ ಮತ್ತೆ ಮತ್ತೆ ಎದುರಾಗುವ ಒಂದು ಸಮಸ್ಯೆಗೆ ಹೆಸರಿಟ್ಟು ಕೊಟ್ಟ ಪರಿಹಾರದ ರೀತಿ. ಸಿಂಗಲ್‌ಟನ್ ಅವುಗಳಲ್ಲಿ ಒಂದು. ಆ ಪುಸ್ತಕದ ಉದಾಹರಣೆಗಳು ಇದ್ದದ್ದು ಸಿ++ ಮತ್ತು ಸ್ಮಾಲ್‌ಟಾಕ್‌ನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಆ ಭಾಷೆಗಳಿಗೆ ಬೇಕಾಗಿದ್ದ ಕಸರತ್ತು ಪೈಥಾನ್‌ಗೆ ಬಹಳ ಸಲ ಬೇಕಾಗುವುದೇ ಇಲ್ಲ.

## ನೀವು ಆಗಲೇ ಬಳಸುತ್ತಿರುವ ಸಿಂಗಲ್‌ಟನ್

ನನ್ (None), ಅಂದರೆ ಪೈಥಾನ್‌ನಲ್ಲಿ ಏನೂ ಇಲ್ಲ ಅಂತ ಸೂಚಿಸುವ ಬೆಲೆ, ಒಂದು ಸಿಂಗಲ್‌ಟನ್. ಪ್ರೋಗ್ರಾಮಿನಲ್ಲಿ ಎಲ್ಲಿ ನನ್ ಬರೆದರೂ ಅದು ಅದೇ ಒಂದು ಆಬ್ಜೆಕ್ಟ್. ಅದರ ಟೈಪನ್ನು ಹಿಡಿದು ಮತ್ತೊಮ್ಮೆ ಕರೆದರೂ ಹಳೆಯ ನನ್ನೇ ವಾಪಸ್ ಬರುತ್ತದೆ. ಟ್ರೂ, ಫಾಲ್ಸ್ ಕೂಡ ತಲಾ ಒಂದೊಂದೇ.

ಪೈಥಾನ್ ಕೋಡ್ ಬರೆಯುವ ಶೈಲಿಯನ್ನು ಹೇಳುವ ಪೆಪ್ 8 ದಾಖಲೆ, ನನ್ ಜೊತೆ ಹೋಲಿಸುವಾಗ ಈಸ್ ಬಳಸಿ, ಜೋಡಿ ಸಮಚಿಹ್ನೆ ಬೇಡ ಅನ್ನುತ್ತದೆ. ಬರೀ ಅಂದಕ್ಕಾಗಿ ಹೇಳಿದ ಮಾತಲ್ಲ ಅದು. ಜೋಡಿ ಸಮಚಿಹ್ನೆ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಯಾವ ಕ್ಲಾಸ್ ಬೇಕಾದರೂ ಬದಲಿಸಿಕೊಳ್ಳಬಹುದು. ಲೆಕ್ಕಾಚಾರದ ಲೈಬ್ರರಿಯಾದ ನಂಪೈನ ಅರೇಯನ್ನು (ಸಂಖ್ಯೆಗಳ ಸಾಲನ್ನು) ಹಾಗೆ ನನ್ ಜೊತೆ ಹೋಲಿಸಿದರೆ ಒಂದು ಉತ್ತರದ ಬದಲು ಉತ್ತರಗಳ ಸಾಲೇ ಬರುತ್ತದೆ. ಈಸ್ ಅನ್ನು ಯಾರೂ ಬದಲಿಸಲಾಗದು. ಇರುವುದು ಒಂದೇ ನನ್ ಆದ್ದರಿಂದ ಗುರುತು ನೋಡಿದರೆ ಸಾಕು.

## ನ್ಯೂ ಬಳಸಿ ಬರೆಯುವ ರೀತಿ, ಮತ್ತು ಅದರ ಅಪಾಯ

ಆಬ್ಜೆಕ್ಟ್ ಹುಟ್ಟುವುದು ಎರಡು ಹೆಜ್ಜೆಯಲ್ಲಿ. ಮೊದಲು ನ್ಯೂ ಅನ್ನುವ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಖಾಲಿ ಆಬ್ಜೆಕ್ಟನ್ನು ಮಾಡಿಕೊಡುತ್ತದೆ. ಆಮೇಲೆ ಇನಿಟ್ ಅನ್ನುವ ಮೆಥಡ್ ಅದರೊಳಗೆ ಬೆಲೆಗಳನ್ನು ತುಂಬುತ್ತದೆ. ಎರಡರ ಹೆಸರಿಗೂ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವುದರಿಂದ ಡಂಡರ್ ನ್ಯೂ, ಡಂಡರ್ ಇನಿಟ್ ಅಂತ ಕರೆಯುವುದು ರೂಢಿ. ನಾವು ದಿನಾ ಬರೆಯುವುದು ಇನಿಟ್ ಮಾತ್ರ. ನ್ಯೂ ತೆರೆಮರೆಯಲ್ಲೇ ಇರುತ್ತದೆ.

ಟ್ಯುಟೋರಿಯಲ್‌ಗಳಲ್ಲಿ ಜಾಸ್ತಿ ಕಾಣುವ ಸಿಂಗಲ್‌ಟನ್ ಈ ನ್ಯೂ ಮೇಲೆ ನಿಂತಿದೆ. ಕ್ಲಾಸಿನಲ್ಲಿ ಒಂದು ವೇರಿಯೇಬಲ್ ಇಟ್ಟು, ಶುರುವಿಗೆ ಅದಕ್ಕೆ ನನ್ ಕೊಡುತ್ತಾರೆ. ನ್ಯೂ ಬಂದಾಗ ಅದನ್ನು ನೋಡುತ್ತದೆ. ನನ್ ಆಗಿದ್ದರೆ ಆಬ್ಜೆಕ್ಟ್ ಮಾಡಿ ಅದರಲ್ಲಿ ಇಡುತ್ತದೆ. ಇಲ್ಲವಾದರೆ ಇಟ್ಟಿದ್ದನ್ನೇ ಕೊಡುತ್ತದೆ. ಈಸ್ ಹಾಕಿ ನೋಡಿದರೆ ಟ್ರೂ. ಕೆಲಸ ಮುಗಿಯಿತು ಅನಿಸುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸೆಟ್ಟಿಂಗ್ಸ್ ಕ್ಲಾಸಿನ ಇನಿಟ್‌ನಲ್ಲಿ ಭಾಷೆ ಇಂಗ್ಲಿಷ್ ಅಂತ ಬರೆದಿದ್ದೀರಿ. ಬಳಸುವವರು ಆ್ಯಪ್ ತೆರೆದು ಕನ್ನಡ ಆರಿಸಿದರು, ಆಬ್ಜೆಕ್ಟಿನಲ್ಲಿ ಭಾಷೆ ಕನ್ನಡವಾಯಿತು. ಆಮೇಲೆ ಇನ್ಯಾವುದೋ ಫೈಲಿನ ಒಂದು ಫಂಕ್ಷನ್, ಅದೇ ಆಬ್ಜೆಕ್ಟ್ ಸಿಗಲಿ ಅಂತ ಸೆಟ್ಟಿಂಗ್ಸ್ ಎಂದು ಕರೆಯಿತು. ನ್ಯೂ ಹಳೆಯ ಆಬ್ಜೆಕ್ಟನ್ನೇ ಕೊಟ್ಟಿತು. ಆದರೆ ಪೈಥಾನ್ ಅಲ್ಲಿಗೆ ನಿಲ್ಲುವುದಿಲ್ಲ. ನ್ಯೂ ಕೊಟ್ಟಿದ್ದು ಅದೇ ಕ್ಲಾಸಿನ ಆಬ್ಜೆಕ್ಟ್ ಆಗಿದ್ದರೆ ಅದರ ಮೇಲೆ ಇನಿಟ್ ಓಡಿಸಿಯೇ ತೀರುತ್ತದೆ. ಅದು ಹೊಸದೋ ಹಳೆಯದೋ ಅಂತ ಕೇಳುವುದಿಲ್ಲ. ಇನಿಟ್ ಓಡಿತು, ಭಾಷೆ ಮತ್ತೆ ಇಂಗ್ಲಿಷ್ ಆಯಿತು. ಎರರ್ ಬರಲಿಲ್ಲ. ಪರದೆ ಮಾತ್ರ ಇದ್ದಕ್ಕಿದ್ದಂತೆ ಇಂಗ್ಲಿಷ್‌ಗೆ ತಿರುಗಿತು.

ಇಂಥ ಬಗ್ ಹುಡುಕುವುದು ಬಹಳ ಕಷ್ಟ. ಕಾರಣ ಇರುವ ಜಾಗವೇ ಬೇರೆ, ಪರಿಣಾಮ ಕಾಣುವ ಜಾಗವೇ ಬೇರೆ. ಇದನ್ನು ತಪ್ಪಿಸಲು ಇನಿಟ್‌ನ ಮೊದಲಲ್ಲೇ, ಆಗಲೇ ಬೆಲೆ ತುಂಬಿದೆಯೇ ಅಂತ ಒಂದು ಗುರುತು ಇಟ್ಟು ನೋಡಬೇಕು. ಇಲ್ಲವೇ ಬೆಲೆ ತುಂಬುವ ಕೆಲಸವನ್ನು ನ್ಯೂ ಒಳಗೆ, ಆಬ್ಜೆಕ್ಟ್ ಹೊಸದಾಗಿ ಹುಟ್ಟುವ ಕಡೆಯಲ್ಲೇ ಮಾಡಿ ಮುಗಿಸಬೇಕು.

ಇನ್ಹೆರಿಟೆನ್ಸ್, ಅಂದರೆ ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸ್ ಮಾಡಿಕೊಳ್ಳುವುದು, ಬಂದರೆ ಮತ್ತೊಂದು ತೊಡಕು. ತಾಯಿ ಕ್ಲಾಸಿನ ಆಬ್ಜೆಕ್ಟ್ ಮೊದಲು ಹುಟ್ಟಿದ್ದರೆ, ಮಗಳು ಕ್ಲಾಸ್ ಆ ವೇರಿಯೇಬಲನ್ನು ತಾಯಿಯಿಂದಲೇ ಓದುತ್ತದೆ. ಅದು ನನ್ ಆಗಿಲ್ಲ ಅಂತ ತಾಯಿಯ ಆಬ್ಜೆಕ್ಟನ್ನೇ ನಿಮ್ಮ ಕೈಗೆ ಕೊಡುತ್ತದೆ.

## ಮೆಟಾಕ್ಲಾಸ್ ಮತ್ತು ಡೆಕೊರೇಟರ್

ಪೈಥಾನ್‌ನಲ್ಲಿ ಕ್ಲಾಸ್ ಕೂಡ ಒಂದು ಆಬ್ಜೆಕ್ಟ್. ಆ ಕ್ಲಾಸನ್ನು ಹುಟ್ಟಿಸುವ ಕ್ಲಾಸಿಗೆ ಮೆಟಾಕ್ಲಾಸ್ ಅನ್ನುತ್ತಾರೆ. ನೀವು ಕ್ಲಾಸಿನ ಮುಂದೆ ಆವರಣ ಹಾಕಿ ಕರೆದಾಗ ಮೊದಲು ಎಚ್ಚರಗೊಳ್ಳುವುದು ಮೆಟಾಕ್ಲಾಸಿನ ಡಂಡರ್ ಕಾಲ್ ಮೆಥಡ್. ನ್ಯೂ, ಇನಿಟ್ ಎರಡನ್ನೂ ಓಡಿಸುವುದು ಅದೇ. ಹಾಗಾಗಿ ತಡೆಯುವುದಿದ್ದರೆ ಅಲ್ಲಿ ತಡೆಯುವುದು ಒಳ್ಳೆಯದು. ಯಾವ ಕ್ಲಾಸಿಗೆ ಯಾವ ಆಬ್ಜೆಕ್ಟ್ ಅಂತ ಒಂದು ಡಿಕ್ಷನರಿ ಇಟ್ಟರೆ, ಇನಿಟ್ ಮತ್ತೆ ಓಡುವ ಕಾಟವೂ ಇಲ್ಲ, ತಾಯಿ ಮಗಳು ಕ್ಲಾಸ್‌ಗಳ ಗೊಂದಲವೂ ಇಲ್ಲ.

ಇದರಲ್ಲೂ ಒಂದು ಸಂದಿ ಉಳಿಯುತ್ತದೆ. ಕಾಪಿ ಮಾಡ್ಯೂಲಿನಿಂದ ಆ ಆಬ್ಜೆಕ್ಟನ್ನು ನಕಲು ಮಾಡಿದರೆ, ಅಥವಾ ಪಿಕಲ್ ಮಾಡಿ (ಉಳಿಸಿಡಬಹುದಾದ ಬೈಟ್‌ಗಳಾಗಿ ಬದಲಿಸಿ) ಮತ್ತೆ ತೆರೆದರೆ, ಪೈಥಾನ್ ಮೆಟಾಕ್ಲಾಸಿನ ಬಾಗಿಲಿಗೆ ಹೋಗದೆ ನೇರವಾಗಿ ನ್ಯೂ ಕರೆಯುತ್ತದೆ. ಎರಡನೇ ಆಬ್ಜೆಕ್ಟ್ ಹುಟ್ಟಿಬಿಡುತ್ತದೆ.

ಡೆಕೊರೇಟರ್ ಅಂದರೆ ಕ್ಲಾಸ್ ಅಥವಾ ಫಂಕ್ಷನ್ನಿನ ಮೇಲೆ @ ಹಾಕಿ ಬರೆದು ಅದರ ನಡವಳಿಕೆ ಬದಲಿಸುವ ಫಂಕ್ಷನ್. ಅದನ್ನು ಬಳಸುವ ರೀತಿ ನೋಡಲು ಸರಳ. ಆದರೆ ಸಾಮಾನ್ಯವಾಗಿ ಬರೆಯುವ ಡೆಕೊರೇಟರ್ ಕ್ಲಾಸಿನ ಜಾಗದಲ್ಲಿ ಒಂದು ಫಂಕ್ಷನನ್ನು ಕೂರಿಸುತ್ತದೆ. ಆಮೇಲೆ ಆ ಹೆಸರನ್ನು, ಆಬ್ಜೆಕ್ಟ್ ಈ ಕ್ಲಾಸಿನದೇ ಅಂತ ನೋಡುವ ಈಸ್‌ಇನ್‌ಸ್ಟನ್ಸ್ ಫಂಕ್ಷನ್‌ಗೆ ಕೊಟ್ಟರೆ ಎರರ್, ಅದರಿಂದ ಮಗಳು ಕ್ಲಾಸ್ ಮಾಡಲು ಹೋದರೂ ಎರರ್.

## ಮಾಡ್ಯೂಲೇ ಸಿಂಗಲ್‌ಟನ್

ಇಷ್ಟೆಲ್ಲ ಓದಿದ ಮೇಲೆ ಸರಳವಾದ ದಾರಿ ಇಲ್ಲವೇ ಅಂತ ಕೇಳಬಹುದು. ಇದೆ, ಅದೂ ಭಾಷೆಯೊಳಗೇ ಇದೆ. ನನ್ನ ಪ್ರಕಾರ ಹೊಸಬರಿಗೆ ಮೊದಲು ಹೇಳಿಕೊಡಬೇಕಾದದ್ದು ಇದನ್ನೇ.

ಒಂದು ಪೈಥಾನ್ ಫೈಲ್ ಅಂದರೆ ಒಂದು ಮಾಡ್ಯೂಲ್. ಮೊದಲ ಸಲ ಇಂಪೋರ್ಟ್ ಮಾಡಿದಾಗ ಆ ಫೈಲಿನ ಕೋಡ್ ಮೇಲಿಂದ ಕೆಳಗೆ ಓಡುತ್ತದೆ, ಹುಟ್ಟಿದ ಮಾಡ್ಯೂಲ್ ಆಬ್ಜೆಕ್ಟ್ ಸಿಸ್ ಮಾಡ್ಯೂಲಿನೊಳಗಿರುವ ಒಂದು ಡಿಕ್ಷನರಿಯಲ್ಲಿ ಕೂರುತ್ತದೆ. ಮತ್ತೆ ಯಾವ ಫೈಲಿನಿಂದ ಇಂಪೋರ್ಟ್ ಮಾಡಿದರೂ ಕೋಡ್ ಓಡುವುದಿಲ್ಲ, ಡಿಕ್ಷನರಿಯಲ್ಲಿ ಇರುವುದೇ ಸಿಗುತ್ತದೆ. ಅಂದರೆ ಒಂದು ಫೈಲಿನಲ್ಲಿ ಮಾಮೂಲಿ ಕ್ಲಾಸ್ ಬರೆದು, ಅದೇ ಫೈಲಿನ ಕೊನೆಯಲ್ಲಿ ಅದರ ಆಬ್ಜೆಕ್ಟ್ ಒಂದನ್ನು ಮಾಡಿ ಹೆಸರಿಟ್ಟರೆ ಸಾಕು. ಬೇರೆ ಫೈಲ್‌ಗಳು ಆ ಹೆಸರನ್ನು ಇಂಪೋರ್ಟ್ ಮಾಡಿಕೊಂಡರೆ ಎಲ್ಲರ ಕೈಯಲ್ಲೂ ಒಂದೇ ಆಬ್ಜೆಕ್ಟ್. ನ್ಯೂ ಬೇಡ, ಮೆಟಾಕ್ಲಾಸ್ ಬೇಡ.

ಪೈಥಾನ್‌ನ ಸ್ವಂತ ಲೈಬ್ರರಿ ಕೂಡ ಹೀಗೇ ಮಾಡುತ್ತದೆ. ರಾಂಡಮ್ ಮಾಡ್ಯೂಲಿನ ಫಂಕ್ಷನ್‌ಗಳನ್ನು ನೇರವಾಗಿ ಕರೆಯುತ್ತೀರಲ್ಲ, ಅವೆಲ್ಲ ಒಳಗೆ ಅಡಗಿರುವ ರಾಂಡಮ್ ಕ್ಲಾಸಿನ ಒಂದೇ ಆಬ್ಜೆಕ್ಟಿನ ಮೆಥಡ್‌ಗಳು. ನಿಮಗೆ ಬೇರೆ ಬೇಕಾದರೆ ಆ ಕ್ಲಾಸಿನಿಂದ ಇನ್ನೊಂದು ಮಾಡಿಕೊಳ್ಳಲು ಯಾರೂ ತಡೆಯುವುದಿಲ್ಲ. ಲಾಗಿಂಗ್ ಮಾಡ್ಯೂಲಿನದು ಸ್ವಲ್ಪ ಬೇರೆ ರೀತಿ: ಒಂದೇ ಹೆಸರು ಹೇಳಿ ಎಷ್ಟು ಸಲ ಲಾಗರ್ ಕೇಳಿದರೂ ಅದೇ ಲಾಗರ್ ಸಿಗುತ್ತದೆ.

ಎರಡು ವಿಷಯದಲ್ಲಿ ಜಾಗ್ರತೆ ಬೇಕು. ಮೊದಲನೆಯದು, ಇಂಪೋರ್ಟ್ ನೆನಪಿಟ್ಟುಕೊಳ್ಳುವುದು ಮಾಡ್ಯೂಲಿನ ಹೆಸರನ್ನು. ಒಂದು ಫೈಲನ್ನು ನೇರವಾಗಿ ಓಡಿಸಿದರೆ ಅದರ ಹೆಸರು ಡಂಡರ್ ಮೇನ್ ಆಗುತ್ತದೆ. ಅದೇ ಫೈಲನ್ನು ಇನ್ನೊಂದು ಫೈಲ್ ಅದರ ನಿಜವಾದ ಹೆಸರಿನಲ್ಲಿ ಇಂಪೋರ್ಟ್ ಮಾಡಿದರೆ ಪೈಥಾನ್‌ಗೆ ಅದು ಹೊಸ ಮಾಡ್ಯೂಲ್. ಕೋಡ್ ಎರಡನೇ ಸಲ ಓಡಿ, ಆಬ್ಜೆಕ್ಟ್ ಎರಡಾಗುತ್ತದೆ. ಹಂಚಿಕೊಳ್ಳುವ ಆಬ್ಜೆಕ್ಟನ್ನು ಪ್ರೋಗ್ರಾಮ್ ಶುರುವಾಗುವ ಫೈಲಿನಲ್ಲಿ ಇಡದೆ ಬೇರೆ ಫೈಲಿನಲ್ಲಿ ಇಟ್ಟರೆ ಈ ರಗಳೆ ಇರುವುದಿಲ್ಲ.

ಎರಡನೆಯದು, ಮಾಡ್ಯೂಲಿನಿಂದ ಭಾಷೆ ಅನ್ನುವ ವೇರಿಯೇಬಲನ್ನೇ ಫ್ರಮ್ ಇಂಪೋರ್ಟ್ ಮಾಡಿ ತಂದುಕೊಂಡರೆ, ಆ ಹೊತ್ತಿನ ಬೆಲೆಗೆ ನಿಮ್ಮ ಫೈಲಿನಲ್ಲಿ ಒಂದು ಹೊಸ ಹೆಸರು ಹುಟ್ಟುತ್ತದೆ. ಆಮೇಲೆ ಮಾಡ್ಯೂಲಿನಲ್ಲಿ ಭಾಷೆ ಬದಲಾದರೂ ನಿಮ್ಮಲ್ಲಿ ಹಳೆಯದೇ ಉಳಿಯುತ್ತದೆ. ಮಾಡ್ಯೂಲನ್ನು ಅಥವಾ ಇಡೀ ಆಬ್ಜೆಕ್ಟನ್ನು ತಂದು, ಚುಕ್ಕೆ ಹಾಕಿ ಅದರೊಳಗಿನದನ್ನು ಓದಿದರೆ ಸರಿ.

ಇಂಪೋರ್ಟ್ ಮಾಡಿದ ತಕ್ಷಣ ಆಬ್ಜೆಕ್ಟ್ ಹುಟ್ಟುವುದು ಬೇಡ, ಬೇಕಾದಾಗ ಹುಟ್ಟಲಿ ಅಂತಿದ್ದರೆ, ಅದನ್ನು ಮಾಡಿಕೊಡುವ ಚಿಕ್ಕ ಫಂಕ್ಷನ್ ಬರೆದು ಫಂಕ್‌ಟೂಲ್ಸ್ ಮಾಡ್ಯೂಲಿನ ಕ್ಯಾಶ್ ಡೆಕೊರೇಟರ್ ಹಾಕಬಹುದು. ಪೈಥಾನ್ 3.9ರಿಂದ ಇದು ಸಿಗುತ್ತದೆ. ಮೊದಲ ಸಲ ಕರೆದಾಗ ಫಂಕ್ಷನ್ ಓಡುತ್ತದೆ, ಆಮೇಲೆ ನೆನಪಿಟ್ಟ ಆಬ್ಜೆಕ್ಟೇ ಬರುತ್ತದೆ.

## ಥ್ರೆಡ್‌ಗಳು ಬಂದಾಗ

ಥ್ರೆಡ್ ಅಂದರೆ ಒಂದೇ ಪ್ರೋಗ್ರಾಮಿನೊಳಗೆ, ಒಂದೇ ಮೆಮೊರಿ ಹಂಚಿಕೊಂಡು ನಡೆಯುವ ಬೇರೆ ಬೇರೆ ಕೆಲಸದ ಸಾಲುಗಳು. ನ್ಯೂ ಬಳಸಿದ ಸಿಂಗಲ್‌ಟನ್ನಿನ ಕೆಲಸ ನೋಡಿ: ವೇರಿಯೇಬಲ್ ನನ್ ಆಗಿದೆಯೇ ಅಂತ ನೋಡುವುದು ಒಂದು ಹೆಜ್ಜೆ, ಆಬ್ಜೆಕ್ಟ್ ಮಾಡಿ ಇಡುವುದು ಇನ್ನೊಂದು ಹೆಜ್ಜೆ. ಮೊದಲ ಥ್ರೆಡ್ ನೋಡಿತು, ನನ್ ಇದೆ. ಅದು ಆಬ್ಜೆಕ್ಟ್ ಮಾಡುವ ಮೊದಲೇ ಎರಡನೇ ಥ್ರೆಡ್ ನೋಡಿತು, ಅದಕ್ಕೂ ನನ್ ಕಂಡಿತು. ಇಬ್ಬರೂ ಒಂದೊಂದು ಮಾಡಿದರು. ಟೋಕನ್ ಮೆಷಿನ್ ಎರಡಾಯಿತು.

ಪೈಥಾನ್‌ನಲ್ಲಿ ಜಿಐಎಲ್ ಅನ್ನುವ ಒಂದು ಬೀಗ ಇದೆ, ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ಅದು ನೋಡಿಕೊಳ್ಳುತ್ತದೆ, ಹಾಗಾಗಿ ಭಯವಿಲ್ಲ ಅಂತ ಕೆಲವರು ನಂಬಿದ್ದಾರೆ. ಅದು ಸರಿಯಲ್ಲ. ಜಿಐಎಲ್ ಇದ್ದರೂ ಸರದಿ ಬದಲಾಗುತ್ತಲೇ ಇರುತ್ತದೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಸುಮಾರು 5 ಮಿಲಿಸೆಕೆಂಡಿಗೊಮ್ಮೆ. ಆ ಬದಲಾವಣೆ ಎರಡು ಹೆಜ್ಜೆಗಳ ನಡುವೆಯೇ ಬೀಳಬಹುದು. ಜಿಐಎಲ್ ಇಲ್ಲದ ಹೊಸ ಬಗೆಯ ಪೈಥಾನ್‌ನಲ್ಲಿ ಎರಡು ಥ್ರೆಡ್‌ಗಳು ನಿಜಕ್ಕೂ ಒಂದೇ ಕ್ಷಣದಲ್ಲಿ ಅಲ್ಲಿಗೆ ಬರಬಹುದು. ಆ ಬಗೆಯನ್ನು ಬೇಕೆಂದೇ ಆರಿಸಿಕೊಂಡು ಹಾಕಿಕೊಳ್ಳಬೇಕು, ತಾನಾಗಿ ಬರುವುದಿಲ್ಲ.

ಪರಿಹಾರ ಲಾಕ್, ಅಂದರೆ ಒಂದು ಹೊತ್ತಿಗೆ ಒಂದೇ ಥ್ರೆಡ್ ಹಿಡಿಯಬಲ್ಲ ಬೀಗ. ಲಾಕ್ ಹಿಡಿದವರು ಮಾತ್ರ ಒಳಗೆ ಹೋಗಿ, ಮತ್ತೊಮ್ಮೆ ನನ್ ಇದೆಯೇ ಅಂತ ನೋಡಿ, ಇದ್ದರೆ ಮಾತ್ರ ಆಬ್ಜೆಕ್ಟ್ ಮಾಡಬೇಕು. ಆ ಎರಡನೇ ನೋಟ ಬಿಟ್ಟರೆ ಲಾಕ್ ಇದ್ದೂ ಪ್ರಯೋಜನವಿಲ್ಲ. ಹೊರಗೆ ಕಾಯುತ್ತಿದ್ದ ಥ್ರೆಡ್ ಒಳಗೆ ಬಂದ ಕೂಡಲೇ ಇನ್ನೊಂದನ್ನು ಮಾಡಿಬಿಡುತ್ತದೆ.

ಬಹಳ ಉದಾಹರಣೆಗಳಲ್ಲಿ ಬಿಟ್ಟುಹೋಗುವ ಒಂದು ಅಂಶ ಇಲ್ಲಿದೆ. ಲಾಕನ್ನು ನ್ಯೂ ಒಳಗೆ ಹಾಕಿದರೆ, ನ್ಯೂ ಮುಗಿದ ಕೂಡಲೇ ಲಾಕ್ ಬಿಡುಗಡೆಯಾಗುತ್ತದೆ. ಇನಿಟ್ ಓಡುವುದು ಆಮೇಲೆ, ಲಾಕಿನ ಹೊರಗೆ. ಆ ನಡುವೆ ಬಂದ ಇನ್ನೊಂದು ಥ್ರೆಡ್‌ಗೆ ಇನ್ನೂ ಬೆಲೆ ತುಂಬದ ಆಬ್ಜೆಕ್ಟ್ ಸಿಗಬಹುದು. ಇನಿಟ್ ಮತ್ತೆ ಓಡದಿರಲಿ ಅಂತ ಗುರುತು ಇಟ್ಟಿದ್ದರಂತೂ ಆ ಎರಡನೇ ಥ್ರೆಡ್ ಅರೆಬರೆ ಆಬ್ಜೆಕ್ಟನ್ನೇ ಹಿಡಿದು ಮುಂದೆ ಹೋಗಬಹುದು. ಮೆಟಾಕ್ಲಾಸಿನ ಕಾಲ್ ಒಳಗೆ ಲಾಕ್ ಹಾಕಿ, ಎರಡೂ ಮುಗಿದ ಮೇಲೆ ಡಿಕ್ಷನರಿಗೆ ಸೇರಿಸಿದರೆ ಈ ತೊಂದರೆ ಇಲ್ಲ.

ಮಾಡ್ಯೂಲ್ ದಾರಿ ಇಲ್ಲೂ ಗೆಲ್ಲುತ್ತದೆ. ಎರಡು ಥ್ರೆಡ್‌ಗಳು ಒಂದೇ ಮಾಡ್ಯೂಲನ್ನು ಒಟ್ಟಿಗೆ ಇಂಪೋರ್ಟ್ ಮಾಡಹೊರಟರೆ ಪೈಥಾನ್ ತಾನೇ ಲಾಕ್ ಹಾಕಿ, ಒಂದನ್ನು ಕಾಯಿಸಿ, ಕೋಡನ್ನು ಒಮ್ಮೆ ಮಾತ್ರ ಓಡಿಸುತ್ತದೆ. ಕ್ಯಾಶ್ ಡೆಕೊರೇಟರ್ ಈ ಭರವಸೆ ಕೊಡುವುದಿಲ್ಲ. ಮೊದಲ ಕರೆ ಮುಗಿಯುವ ಮೊದಲೇ ಇನ್ನೊಂದು ಥ್ರೆಡ್ ಕರೆದರೆ ಫಂಕ್ಷನ್ ಎರಡು ಸಲ ಓಡಬಹುದು ಅಂತ ಅದರ ದಾಖಲೆಯೇ ಹೇಳುತ್ತದೆ.

## ಪ್ರೋಸೆಸ್ ದಾಟಿದರೆ ಒಂದಲ್ಲ

ಇಲ್ಲಿಯವರೆಗೆ ಒಂದೇ ಅಂದಿದ್ದೆಲ್ಲ ಒಂದು ಪ್ರೋಸೆಸ್ಸಿನೊಳಗೆ ಮಾತ್ರ. ಪ್ರೋಸೆಸ್ ಅಂದರೆ ತನ್ನದೇ ಮೆಮೊರಿ ಇರುವ, ಓಡುತ್ತಿರುವ ಒಂದು ಪ್ರೋಗ್ರಾಮ್. ವೆಬ್ ಆ್ಯಪನ್ನು ಗನಿಕಾರ್ನ್‌ನಂಥ ಸರ್ವರ್ ಮೇಲೆ ನಾಲ್ಕು ವರ್ಕರ್ ಇಟ್ಟು ಓಡಿಸಿದರೆ ಅಲ್ಲಿ ಉತ್ತರ ಕೊಡುವ ಪ್ರೋಸೆಸ್ ನಾಲ್ಕು ಇರುತ್ತವೆ, ಒಂದೊಂದು ವರ್ಕರ್ ಒಂದೊಂದು ಪ್ರೋಸೆಸ್. ನಿಮ್ಮ ಸಿಂಗಲ್‌ಟನ್ ನಾಲ್ಕಾಗುತ್ತದೆ. ಅದರಲ್ಲಿ ಎಷ್ಟು ಜನ ಬಂದರು ಅಂತ ಲೆಕ್ಕ ಇಟ್ಟಿದ್ದರೆ, ಪುಟವನ್ನು ತೆರೆದಾಗಲೆಲ್ಲ ಬೇರೆ ಬೇರೆ ಸಂಖ್ಯೆ ಕಾಣಬಹುದು. ಯಾವ ವರ್ಕರ್ ಉತ್ತರ ಕೊಟ್ಟಿತೋ ಅದರ ಲೆಕ್ಕ ಅದು. ಸ್ವಂತ ಲ್ಯಾಪ್‌ಟಾಪಿನಲ್ಲಿ ಒಂದೇ ಪ್ರೋಸೆಸ್ ಇಟ್ಟು ಟೆಸ್ಟ್ ಮಾಡುವಾಗ ಇದು ಕಾಣುವುದೇ ಇಲ್ಲ.

ಇದನ್ನು ಸಿಂಗಲ್‌ಟನ್ ಕೋಡ್ ತಿದ್ದಿ ಸರಿಮಾಡಲು ಆಗದು. ನಿಜಕ್ಕೂ ಎಲ್ಲರಿಗೂ ಸೇರಿ ಒಂದೇ ಲೆಕ್ಕ ಬೇಕಿದ್ದರೆ ಅದು ಪ್ರೋಸೆಸ್‌ಗಳ ಹೊರಗೆ, ಡೇಟಾಬೇಸ್ ಅಥವಾ ರೆಡಿಸ್‌ನಂಥ ಜಾಗದಲ್ಲಿ ಇರಬೇಕು. ಬರೀ ಓದಲು ಇರುವ ಸೆಟ್ಟಿಂಗ್ಸ್ ನಾಲ್ಕು ಕಡೆ ಇದ್ದರೆ ಏನೂ ತೊಂದರೆ ಇಲ್ಲ. ಹಾಗಾಗಿ ಸಿಂಗಲ್‌ಟನ್ ಬರೆಯುವ ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಎಲ್ಲಿ ಒಂದೇ ಇರಬೇಕು? ಥ್ರೆಡ್ಡಿಗೆ ಒಂದೇ, ಪ್ರೋಸೆಸ್ಸಿಗೆ ಒಂದೇ, ಅಥವಾ ಇಡೀ ಸಿಸ್ಟಮ್‌ಗೆ ಒಂದೇ?

## ಟೆಸ್ಟ್ ಬರೆಯುವಾಗ

ಎರಿಕ್ ಗಾಮಾ 2009ರ ಒಂದು ಸಂದರ್ಶನದಲ್ಲಿ, ಆ 23ರ ಪಟ್ಟಿಯನ್ನು ಮತ್ತೆ ಮಾಡುವುದಾದರೆ ಸಿಂಗಲ್‌ಟನ್ನನ್ನು ಕೈಬಿಡುವುದೇ ಸರಿ ಅಂದಿದ್ದರು. ಜನ ಅದನ್ನು ದೂರುವುದು ಮುಖ್ಯವಾಗಿ ಟೆಸ್ಟಿಂಗ್ ಕಡೆಯಿಂದ. ಒಂದು ಟೆಸ್ಟ್ ಸಿಂಗಲ್‌ಟನ್ನಿನಲ್ಲಿ ಭಾಷೆ ಬದಲಿಸಿದರೆ, ಮುಂದಿನ ಟೆಸ್ಟಿಗೂ ಅದೇ ಬದಲಾದ ಆಬ್ಜೆಕ್ಟ್ ಸಿಗುತ್ತದೆ. ಟೆಸ್ಟ್‌ಗಳನ್ನು ಒಂದೊಂದಾಗಿ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್.

ಇದಕ್ಕೆ ಮದ್ದು ಸುಲಭ. ಪ್ರೋಗ್ರಾಮ್ ಶುರುವಾಗುವ ಕಡೆ ಆಬ್ಜೆಕ್ಟನ್ನು ಒಮ್ಮೆ ಮಾಡಿ, ಬೇಕಾದ ಫಂಕ್ಷನ್‌ಗಳಿಗೆ ಆರ್ಗ್ಯುಮೆಂಟ್ ಆಗಿ ಕೊಡುವುದು. ಆಗ ಫಂಕ್ಷನಿನ ಮೊದಲ ಸಾಲು ಓದಿದರೇ ಅದಕ್ಕೆ ಸೆಟ್ಟಿಂಗ್ಸ್ ಬೇಕು ಅಂತ ತಿಳಿಯುತ್ತದೆ. ಟೆಸ್ಟಿನಲ್ಲಿ ಪ್ರತಿ ಸಲವೂ ಹೊಸ ಸೆಟ್ಟಿಂಗ್ಸ್ ಮಾಡಿ ಕೊಡಬಹುದು. ಕ್ಲಾಸ್ ಮಾಮೂಲಿ ಕ್ಲಾಸ್ ಆಗಿಯೇ ಉಳಿಯುತ್ತದೆ, ಒಂದೇ ಇರಬೇಕು ಅನ್ನುವ ತೀರ್ಮಾನ ಪ್ರೋಗ್ರಾಮ್ ಶುರುವಾಗುವ ಆ ಒಂದು ಸಾಲಿನಲ್ಲಿ ಇರುತ್ತದೆ. ಲಾಗರ್‌ನಂತೆ ಪ್ರತಿ ಫೈಲಿಗೂ ಬೇಕಾಗುವ ವಸ್ತುವನ್ನು ಹೀಗೆ ಕೈಯಿಂದ ಕೈಗೆ ದಾಟಿಸುತ್ತಾ ಹೋಗುವುದು ರೇಜಿಗೆ. ಅಂಥದ್ದಕ್ಕೆ ಮಾಡ್ಯೂಲಿನಲ್ಲಿ ಇಟ್ಟ ಆಬ್ಜೆಕ್ಟೇ ಸಾಕು.